ಮೊದಲು ಕೇಳಿದವರಿಗೆ

ದುರ್ಗಿಗುಡಿಯ ಹೆರಿಗೆ ಆಸ್ಪತ್ರೆ.
ಟೆರೇಸಿನಲ್ಲಿ ಒಂದೇ ಯಂತ್ರ, ಕೆಳಗೆ ಕೋಣೆ ನಾಲ್ಕು.
ಧನುರ್ಮಾಸದ ನಸುಕಿಗೆ ಫ್ಲೇವಿ ಸಿಸ್ಟರ್ ಫೋನು:
‘ಮುನೀರಣ್ಣ, ಕೂಸಿನ ಕೋಣೆಗೆ ಬಿಸಿಯೇ ಬರ್ತಿಲ್ಲ,
ಹಸಿರು ದೀಪ ಸುಮ್ನೆ ಕಣ್ಣು ಮಿಟುಕಿಸ್ತಿದೆ.’

ಕೆಟ್ಟಿಲ್ಲ ಸಿಸ್ಟರ್, ಕಾಯ್ತಿದೆ.
ಸ್ಕ್ಯಾನಿಂಗ್ ರೂಮಲ್ಲಿ ಯಾರೋ ರಾತ್ರಿಯೇ
ತಂಪು ಕೇಳಿಟ್ಟು ಮನೆಗೆ ಹೋಗಿದ್ದಾರೆ.
ಮೇಲಿನದಕ್ಕೆ ಒಂದು ಸಲಕ್ಕೆ ಒಂದೇ ಮಾತು,
ಬಿಸಿಯೆಂದರೆ ಎಲ್ಲರಿಗೂ ಬಿಸಿ, ತಂಪೆಂದರೆ ತಂಪು.
ಮೊದಲು ಕೇಳಿದವರದು ನಡೆಯುತ್ತೆ,
ಆಮೇಲೆ ಬಂದವರಿಗೆ ದೀಪ.

ಮಾರಿದವರು ಇದನ್ನು ಹೇಳಲಿಲ್ಲ.
ಅವತ್ತು ಏಣಿ ಹತ್ತಿ ಪೈಪು ಎಳೆದವನು ನಾನು;
ವಾರಿಜಾ ಡಾಕ್ಟರು ಚಹಾ ಕೊಟ್ಟು
‘ಎಲ್ಲಾ ಸರಿಯಲ್ವೇನಪ್ಪ?’ ಅಂದಾಗ
ಸಕ್ಕರೆ ಕದಡುತ್ತ ಹೂಂ ಅಂದಿದ್ದೆ.

ಆ ತಂಪು ಆರಿಸಿ, ಬಿಸಿ ಒತ್ತಿ,
ಮೂರು ನಿಮಿಷ ತಡೀರಿ.
ಓಡುತ್ತಿದ್ದದ್ದು ನಿಂತು, ಉಸಿರು ತಿರುಗಿಸಿಕೊಂಡು,
ಹಿಂದುಮುಂದಾಗಿ ಓಡಬೇಕಲ್ಲ.

ಫೋನು ಇಡಲಿಲ್ಲ ಆಕೆ.
ಕೂಸಿನ ಅಳು, ಯಾವುದೋ ಕೊಂಕಣಿ ಜೋಗುಳದ ಗುನುಗು,
ಟ್ರೇ ಸರಿದ ಸದ್ದು.
ನಾನು ಟಿಪ್ಪುನಗರದ ಕತ್ತಲಲ್ಲಿ, ಹಾಸಿಗೆಯ ಮೇಲೆ ಕೂತು
ನಿಮಿಷ ಎಣಿಸುತ್ತಿದ್ದೆ.
ಗೋಡೆಯ ಪೆಟ್ಟಿಗೆ ಬುಸ್ಸೆಂದಿತು.

‘ಬಂತು ಅಣ್ಣಾ. ಆದ್ರೆ ಇವ್ನು
ನನ್ನ ಸ್ವೆಟರೊಳಗೇ ನಿದ್ದೆ ಹೋಗ್ಬಿಟ್ಟ.
ಈಗ ಹೊರಗೆ ತೆಗೆಯೋದು ಹ್ಯಾಗೆ?’