ಎಂಟು ಕಣ್ಣು

ಕನಮಡಿ ಏರು ಹತ್ತುವಾಗ ನನ್ನ ಟಂಟಂ
ಎರಡನೇ ಗೇರಿನಲ್ಲಿ ಕೆಮ್ಮುತ್ತದೆ.
ಹಿಂದೆ ಹನ್ನೊಂದು ಮಂದಿ, ಹನ್ನೊಂದು ಬುತ್ತಿ,
ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಕತ್ತರಿಗಳು.
ಇನ್ನೂ ಮೂಡಣ ಬಿಳುಪೇರಿಲ್ಲ.
ದಿಬ್ಬದ ಬೆನ್ನಿಗೆ ದಿಬ್ಬ, ಬರೀ ಗರಸು, ಕರೀ ಕಲ್ಲು,
ನಡುವೆ ಇದ್ದಕ್ಕಿದ್ದಂತೆ ಕಂಬ, ತಂತಿ, ಬಳ್ಳಿ.
ಯಾರೋ ಗುಡ್ಡಕ್ಕೆ ಹೊಲಿಗೆ ಹಾಕಿ
ದಾರ ಕಡಿಯಲು ಮರೆತು ಹೋದಂತೆ.

ಶೀಗಿ ಹುಣ್ಣಿಮೆಯ ಆಸುಪಾಸು ಚಾಟ್ನಿ.
ಕಡ್ಡಿಗೆ ಎಂಟು ಕಣ್ಣು ಉಳಿಸಿ ಕತ್ತರಿಸಬೇಕು.
ತಂಗೆವ್ವನ ಎಡಗಣ್ಣಿಗೆ ಪೊರೆ ಬಂದು ಮೂರು ವರ್ಷ.
ಹೆಬ್ಬೆರಳಿನಿಂದಲೇ ಎಣಿಸುತ್ತಾಳೆ,
ಕೂಸಿನ ಬೆನ್ನೆಲುಬು ಎಣಿಸಿದ ಹಾಗೆ.
“ಒಂಬತ್ತು ಬಿಟ್ರ ಆಸೆ, ಏಳು ಬಿಟ್ರ ಅಂಜಿಕಿ.”
ಕಡಿದಲ್ಲಿ ನೀರು ತೊಟ್ಟಿಕ್ಕುತ್ತದೆ.
ಮೊದಲ ವರ್ಷ ನಾನು ಮಳೆಯೆಂದು ಆಕಾಶ ನೋಡಿದ್ದೆ.
“ಬಳ್ಳಿ ಅಳಾಕತ್ತೈತೋ ತಮ್ಮಾ, ಅಳ್ಲಿ ಬಿಡು.
ಸುಮ್ಮನಿದ್ದದ್ದ ಖರೇ ಕಾಟಾ.”

ಛಟ್ಟಿಯ ಮೋಡಕ್ಕೆ ಸಾಹೇಬಗೌಡರಿಗೆ ನಿದ್ದೆಯಿಲ್ಲ.
ರಾತ್ರಿ ಬ್ಯಾಟರಿ ಹಿಡಿದು ಎಲೆ ಎಲೆಯ ತಳ ನೋಡುತ್ತಾರೆ,
ದಾವಣಿ ಬಿತ್ತೋ, ಬೂದಿ ಬಿತ್ತೋ.
ಎಳ್ಳಮಾಸಿಗೆ ಮಾತ್ರ ಔಷಧದ ಪಂಪು ಮಲಗುತ್ತದೆ.
ಸಜ್ಜಿ ಕಡುಬು, ಪುಂಡಿಪಲ್ಲೆ, ಶೇಂಗಾ ಹೋಳಿಗೆ.
ತಂತಿಯ ಕೆಳಗೆ ಬಗ್ಗಿ ಬಗ್ಗಿ ಚರಗ ಚೆಲ್ಲುತ್ತಾರೆ,
“ಹುಲಿಗ್ಯೋ, ಹುಲಿಗ್ಯೋ” ಎಂದು.
ಹುಲಿ ಎಲ್ಲಿದೆ?
ಡ್ರಿಪ್ಪಿನ ಪೈಪು ಕಡಿಯುವ ಅಳಿಲು ಕೇಳಿಸಿಕೊಳ್ಳುತ್ತದೆ.

ಬಿಸಿಲು ಬಲಿತಾಗ ಗೊನೆ ಇಳಿಯುತ್ತವೆ.
ಬಹುಪಾಲು ಶೆಡ್ಡಿಗೆ, ಹಸಿರು ಜಾಳಿಗೆಯ ಮೇಲೆ
ಗಂಧಕದ ಹೊಗೆ ಕುಡಿದು ಸುಕ್ಕಾಗಲು.
ಇಳಿಜಾರಿನ ನಾಲ್ಕು ಎಕರೆ, ಸಣ್ಣ ಕಪ್ಪು ಕಾಯಿ,
ವೈನಿನ ಲಾರಿಗೆ.
ಹೋದ ಸಲ ಲಾರಿಯವ ಒಂದು ಬಾಟಲಿ ಕೊಟ್ಟ.
ಗೌಡರು ಕೊರಳ ಲಿಂಗ ಮುಟ್ಟಿಕೊಂಡು
ಅದನ್ನು ನನಗೆ ದಾಟಿಸಿದರು.
ಟಂಟಂನಲ್ಲಿ ಬೆಂಡು ಕಿತ್ತಾಗ ಹನ್ನೊಂದು ಮೂಗು.
ಸೆರಗು ಬಾಯಿಗೊತ್ತಿ ನಗು.
ತಂಗೆವ್ವ ಕಿರುಬೆರಳು ಅದ್ದಿ ನೆಕ್ಕಿದಳು,
ತುಸು ಹೊತ್ತು ಗುಡ್ಡ ನೋಡಿದಳು.
“ಇದು ನಮ್ಮ ಮೂರನೇ ಸಾಲಿಂದಲ್ಲ.
ಅದರ ಹುಳಿ ನನಗ ಗೊತ್ತೈತಿ.”
ಉಳಿದದ್ದನ್ನು ನಾನೇ ಕುಡಿದೆ, ಸುಳ್ಳು ಯಾಕೆ.
ನನಗೆ ಯಾವ ಸಾಲೂ ತಿಳಿಯಲಿಲ್ಲ.
ತಲೆನೋವು ಬಂತು.

ಈ ವರ್ಷ ಆಕೆ ಪೊರೆ ತೆಗೆಸಿದ್ದಾಳೆ.
ಕರೀ ಚಾಳೀಸು ಹಾಕಿ ಮುಂದಿನ ಸೀಟಿನಲ್ಲಿ ಕೂತು
“ಅಯ್ಯ, ನಿನ್ನ ಗಾಡಿ ಇಷ್ಟು ಹೊಲಸೈತೇನೋ” ಎಂದಳು.
ಈಗ ಬಳ್ಳಿಯ ಮುಂದೆ ನಿಂತಿದ್ದಾಳೆ.
ಕತ್ತರಿ ಬಿಚ್ಚಿದಳು, ಚಾಳೀಸು ತೆಗೆದು ಉಡಿಯಲ್ಲಿಟ್ಟಳು,
ಕಣ್ಣು ಮುಚ್ಚಿ ಹೆಬ್ಬೆರಳು ಚಾಚಿದಳು.

ನಾನು ಗಾಡಿ ತಿರುಗಿಸಿ
ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುತ್ತೇನೆ.
ಸೆಲ್ಫ್ ಕೆಟ್ಟಿದೆ. ಸಂಜೆ ಎಲ್ಲರೂ ಸೇರಿ ನೂಕಬೇಕು.