ಬೇರು ಉಂಟಾ ಅಕ್ಕಾ?

ಬನದ ಪಾಗಾರದ ಹೊರಗೆ ಬಿದ್ದದ್ದು, ಒಳಗಿನದ್ದಲ್ಲ
ಎಂದು ಮೂರು ಸಲ ಹೇಳಿಯೇ
ದೂಮಣ್ಣ ನನ್ನ ಅಂಗೈಗೆ ಹಾಕಿದ್ದ,
ಬಾವಲಿ ಅರ್ಧ ತಿಂದ ಕಿತ್ತಳೆ ಬಣ್ಣದ ಹಣ್ಣು.
ಬೀಜ ಮೂರು.
ಒಂದು ಕೊಳೆಯಿತು. ಒಂದನ್ನು ಹೆಗ್ಗಣ ಒಯ್ದಿತು.
ಉಳಿದದ್ದು ಅರವತ್ತೆಂಟು ದಿನ ಏನೂ ಹೇಳದೆ
ಮರುದಿನ, ಕಸಕ್ಕೆ ಸುರಿಯಬೇಕೆಂದು
ಚಟ್ಟಿ ಎತ್ತಿದಾಗ, ಕುತ್ತಿಗೆ ಬಗ್ಗಿಸಿ ನಿಂತಿತ್ತು.

ಕುಲಶೇಖರದ ಮೂರೂವರೆ ಸೆಂಟ್ಸ್ ನನ್ನದು.
ಮುರಕಲ್ಲು ಕೊರೆಸಿ, ಮುಚ್ಚಿದ ಕಾರ್ಖಾನೆಯ ಹಂಚಿನ ಚೂರು ಹಾಸಿ,
ತರಗೆಲೆ ತುಂಬಿ ಹೊಂಡ ಮಾಡಿಕೊಟ್ಟೆ.
ಅದು ಅವಸರ ಮಾಡಲಿಲ್ಲ.
ಮೊದಲ ವರ್ಷ ಆರು ಎಲೆ.
ಮೂರನೆಯದಕ್ಕೆ ನನ್ನ ಮೊಣಕಾಲಿಗಿಂತ ತುಸು ಕೆಳಗೆ.
ಹೆಸರು ನೋಡಿದರೆ ಏಕನಾಯಕ,
ಆಸರೆ ಇಲ್ಲದೆ ಒಂದು ಗಳಿಗೆ ನಿಲ್ಲಲಾರದು ಪುಣ್ಯಾತ್ಮ.
ಪಾಗಾರಕ್ಕೆ ಒರಗಿ, ಪೈಪಿಗೆ ಕೈ ಹಾಕಿ,
ಕೊನೆಗೆ ನಾನು ಬಟ್ಟೆ ಒಣಗಿಸುವ ಹಗ್ಗವನ್ನೇ
ತನ್ನದು ಮಾಡಿಕೊಂಡಿತು.
ಬಟ್ಟೆ ಈಗ ಟೆರೇಸಿನಲ್ಲಿ.

ಮೇ ತಿಂಗಳಲ್ಲಿ ಬಾವಿನೀರು ಕೆಸರು ನಾರುವಾಗ,
ನಂದಿಬಟ್ಟಲೂ ಮುಖ ಸಪ್ಪೆ ಮಾಡಿರುವಾಗ,
ಇದರ ಎಲೆ ಮಾತ್ರ ಆಗಷ್ಟೇ ಎಣ್ಣೆ ಹಚ್ಚಿಕೊಂಡ ಹಾಗೆ.

ಸುದ್ದಿ ಹಬ್ಬಿತು.
ಮೂವತ್ತೊಂದು ವರ್ಷ ಲ್ಯಾಬಿನಲ್ಲಿ ಬೆರಳು ಚುಚ್ಚಿದವಳು ನಾನು;
ಈ ರಸ್ತೆಯ ಸಕ್ಕರೆಯೆಲ್ಲ ನನಗೆ ಬಾಯಿಪಾಠ.
"ಬೇರು ಉಂಟಾ ಅಕ್ಕಾ? ಒಂದು ತುಂಡು, ಕಷಾಯಕ್ಕೆ?"
ಬೇರು ಇಲ್ಲದ ಗಿಡ ಉಂಟಾ ಮಾರಾಯ್ರೆ?
ಉಂಟು. ಆದರೆ ಅದು ಗಿಡದ್ದು.
ಗುಡ್ಡೆಯಲ್ಲಿ ಈಗ ಹುಡುಕಿದರೂ ಇಲ್ಲ ಇದು.
ಅಲ್ಲಿಯೂ ಎಲ್ಲರೂ
ಒಂದೊಂದೇ ತುಂಡು ಕೇಳಿದ್ದು.

ಮೊನ್ನೆ ಬೆಳಿಗ್ಗೆ ಬುಡ ಹಸಿಯಾಗಿತ್ತು.
ಒಂದು ಪಕ್ಕ ಅಗೆದು, ಬೇರು ಕೊಯ್ದು,
ಮತ್ತೆ ಮುಚ್ಚಿ, ತಟ್ಟಿ, ನೀರೂ ಹಾಕಿ ಹೋಗಿದ್ದರು.
ಕಳ್ಳತನದಲ್ಲೂ ಇಷ್ಟು ಅಚ್ಚುಕಟ್ಟು
ಈ ಓಣಿಯಲ್ಲಿ ಒಬ್ಬರಿಗೇ.

ಸಂಜೆ ಲಿಗೋರಿ ಮಾಮ್ ಬಂದರು, ಎಂದಿನಂತೆ ಬೆರಳು ಕೊಡಲು.
ಕಾಲಿನ ಹೆಬ್ಬೆರಳು ತೆಗೆಸಿದ ಮೇಲೆ ಅವರ ಎಡ ಚಪ್ಪಲಿಗೆ
ಬೇರೆಯೇ ಸದ್ದು.
ರಾತ್ರಿ ಕೇಳಿದ್ದೆ ಅದನ್ನು; ಕನಸೆಂದುಕೊಂಡಿದ್ದೆ.
ಕೈ ಚಾಚಿದರು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು.
ಸ್ಪಿರಿಟಿನ ಹತ್ತಿಯಿಂದ ಒರೆಸಿದೆ,
ಇನ್ನೊಮ್ಮೆ ಒರೆಸಿದೆ,
ಚುಚ್ಚಿದೆ.
ಮುನ್ನೂರ ಹನ್ನೆರಡು.
"ಹೇಗುಂಟು ಗಿಡ?" ಎಂದರು, ಅಂಕೆ ಕೇಳದೆ.
"ಒಂದು ಪಕ್ಕದ ಎಲೆ ಸ್ವಲ್ಪ ಬಾಡಿದೆ."

ಹೊರಗೆ ಹೋದವರು ಗೇಟಿನ ಕಡೆ ತಿರುಗಲಿಲ್ಲ.
ಪಾಗಾರಕ್ಕೆ ಒಂದು ಕೈ ಕೊಟ್ಟು ತುಂಬ ಹೊತ್ತು ನಿಂತರು.
ಆಮೇಲೆ, ಗಿಡದ ಭಾರಕ್ಕೆ ಜಗ್ಗಿದ್ದ ಹಗ್ಗ ಬಿಚ್ಚಿ
ಎಳೆದು ಕಟ್ಟಿದರು.

ಬೆಳಿಗ್ಗೆ ನೋಡಿದೆ.
ಗಂಟು ಅಚ್ಚುಕಟ್ಟಾಗಿತ್ತು.