ಶೇಕಡಾ ಎರಡರ ತಾಳ್ಮೆ

ಕೆಂಪು ಚುಕ್ಕೆ ಬೆಳಗಿನಿಂದ ಪರದೆಯ ಮೇಲೇ ಕೂತಿದೆ,
ಸಂತೆಗೆ ಬಂದು ಏನೂ ಕೊಳ್ಳದೆ
ದಾರಿಗಡ್ಡ ನಿಂತವನ ಹಾಗೆ.

ಆರ್ಡರಿನಲ್ಲಿ ಎರಡು ಸಾವಿರ ಕಿಲೋ ತೆಂಗಿನ ನಾರು.
ಬಿಲ್ಲಿನಲ್ಲೂ ಎರಡು ಸಾವಿರ.
ವಸಂತನರಸಾಪುರದ ನಮ್ಮ ಗೇಟಿನ ತೂಕದಲ್ಲಿ
ಸಾವಿರದ ಒಂಬೈನೂರ ನಲವತ್ತೈದು.
ಮೂರು ಕಾಗದ, ಮೂವರು ಸಾಕ್ಷಿಗಳು.
ಮೂವರದೂ ಒಂದೇ ಮಾತಾದರೆ ಹಣ,
ಒಬ್ಬ ತೊದಲಿದರೂ ತಡೆ.

ಹಳೇ ಲೆಡ್ಜರಿನಲ್ಲಿ ಸ್ಟೋರಿನ ಇಲಿಯಾಸ್ ಭಾಯಿ
ತೂಕದ ಪಕ್ಕ ಪೆನ್ಸಿಲಿನಲ್ಲಿ ‘ಸು.’ ಎಂದು ಬರೆಯುತ್ತಿದ್ದರು.
ಸುಮಾರು.
ಆ ಒಂದಕ್ಷರದ ನೆರಳಿನಲ್ಲಿ
ಎಷ್ಟು ಲಾರಿ ಬಂದು ಹೋದವೋ,
ಎಷ್ಟು ಪಂಪು ನಾರಿನ ಮೆತ್ತೆಯಲ್ಲಿ ಮಲಗಿ
ಮುಕ್ಕಾಗದೆ ಊರು ಸೇರಿದವೋ.
ಹೊಸ ತಂತ್ರಾಂಶ ಬಂದ ದಿನ
ದಶಾಂಶದಾಚೆ ಮೂರು ಸೊನ್ನೆಗೆ ಜಾಗವಿತ್ತು.
‘ಸು.’ಗೆ ಇರಲಿಲ್ಲ.

ಕೆ.ಬಿ. ಕ್ರಾಸಿನಾಚೆಯಿಂದ ರುದ್ರಾಣಮ್ಮನ ಫೋನು:
“ದುಡ್ಡು ಯಾಕ್ ಬಂದಿಲ್ಲ ತಾಯಿ?
ಹೆಣ್ಣಾಳುಗಳು ಶನಿವಾರಕ್ಕೆ ಕಾಯ್ತಾವ್ರೆ.”
“ಐವತ್ತೈದು ಕಿಲೋ ಕಮ್ಮಿ ಬಂದಿದೆ ಅಮ್ಮ.”
“ಕಮ್ಮಿ ಹೆಂಗಾಯ್ತದೆ? ನಾನೇ ನಿಂತು ತೂಗ್ಸಿದ್ದು.
ಹಸಿ ನಾರು. ನಿಟ್ಟೂರಿಂದ ನಿಮ್ಮ ಗೇಟಿನಗಂಟ ಬಿಸ್ಲು,
ಮೇಲೆ ಟಾರ್ಪಾಲಿಲ್ಲ.
ಬಿಸ್ಲು ತಿಂದೈತೆ ಬಿಡು.”

ಟಾಲರೆನ್ಸ್ ಎಂಬುದೊಂದು ಕಲಂ ಇದೆ ನಮ್ಮಲ್ಲಿ.
ಅವಳಿಗೆ ಏನೆಂದು ಹೇಳಲಿ?
ತಾಳ್ಮೆ ಎಂದೆ.
“ಈ ಕಂಪ್ಯೂಟರಿಗೆ ಶೇಕಡಾ ಎರಡು ತಾಳ್ಮೆ ಅಮ್ಮ.
ನಲವತ್ತು ಕಿಲೋವರೆಗೆ ಸುಮ್ಮನಿರುತ್ತೆ,
ಮೇಲಿನ ಹದಿನೈದಕ್ಕೆ ಮುನಿಸಿಕೊಂಡಿದೆ.”
ಆ ಕಡೆ ಗಳಿಗೆ ಹೊತ್ತು ಮಾತಿಲ್ಲ,
ನಾರು ಬಡಿಯುವ ಮಿಷನ್ನಿನ ಗಿರ್ರ್ ಮಾತ್ರ.
“ಪರವಾಗಿಲ್ವೆ,” ಅಂದಳು,
“ನಮ್ಮತ್ತೆಗೆ ಅಷ್ಟೂ ಇರ್ಲಿಲ್ಲ.”

ಲೆಕ್ಕ ಹಾಕಿದೆ. ಒಂಬೈನೂರ ತೊಂಬತ್ತು ರೂಪಾಯಿಯ ವ್ಯತ್ಯಾಸಕ್ಕೆ
ಮೂವತ್ತಾರು ಸಾವಿರ ಕಟ್ಟಿಹಾಕಿದ್ದಾರೆ,
ಹಗ್ಗ ಕೂಡ ಅವಳ ನಾರಿನದೇ ಇರಬೇಕು.

ಕಾರಣ ಆರಿಸಿ, ಅನ್ನುತ್ತದೆ ಪರದೆ.
ಒಡೆದಿದೆ. ಬೇರೆ ಮಾಲು. ತಡವಾಗಿದೆ. ಕಳ್ಳತನ.
ಲಾರಿಯವನಿಗೊಂದು ಕೋಡು, ಚಹಾದವನಿಗೊಂದು,
ಹೋದ ವರ್ಷ ಗೋಡೌನಿಗೆ ಹಾವು ಹಿಡಿಯಲು ಬಂದವನಿಗೂ
ಪ್ಯಾನ್ ಕಾರ್ಡ್ ಕೇಳಿ ಕೋಡು ಕೊಟ್ಟಿದ್ದೇವೆ.
ನಡುದಾರಿಯಲ್ಲಿ ಐವತ್ತೈದು ಕಿಲೋ ಇಳಿಸಿಕೊಂಡ ಗಿರಾಕಿಗೆ
ಪಟ್ಟಿಯಲ್ಲಿ ಹೆಸರೇ ಇಲ್ಲ.

‘ಇತರೆ’ ಒತ್ತಿದೆ.
ನಲವತ್ತು ಅಕ್ಷರದ ಖಾಲಿ ಮನೆ ತೆರೆಯಿತು.
ಇಂಗ್ಲಿಷಿನಲ್ಲಿ ಬರೆಯಬಹುದಿತ್ತು, ಗೊತ್ತು.
ಯಾಕೋ ಕನ್ನಡದಲ್ಲೇ ಬರೆದೆ: ಬಿಸಿಲು.
ಮೂರಕ್ಷರ.
ಎಂಟರ್ ಒತ್ತಿದರೆ ಆರು ಪ್ರಶ್ನೆಚಿಹ್ನೆ
ಸಾಲಾಗಿ ನಿಂತವು.

ಹಾಗೇ ಕಳಿಸಿದೆ.
ನಮ್ಮ ಮ್ಯಾನೇಜರು, ಅವರ ಮೇಲೆ ಪ್ಲಾಂಟ್ ಹೆಡ್ಡು,
ಆಮೇಲೆ ಪುಣೆಯಲ್ಲಿ ಯಾರೋ ಒಬ್ಬರು,
ಮುಖ ಕಂಡಿಲ್ಲ, ಹೆಸರಿನ ಬದಲು ಏಳಂಕಿಯ ಸಂಖ್ಯೆ.
ರಾತ್ರಿ ಹನ್ನೊಂದು ಹನ್ನೆರಡಕ್ಕೆ ಒಪ್ಪಿಗೆ ಬಂತು.
ಆರು ಪ್ರಶ್ನೆಗೆ ಒಂದು ಹಸಿರು ಚುಕ್ಕೆ.
ಓದಿದರೋ, ಕಣ್ಣುಜ್ಜಿಕೊಂಡು ಒತ್ತಿಬಿಟ್ಟರೋ,
ಅಥವಾ ಅವರೂ ಎಲ್ಲಾದರೂ
ತೂಕದ ಕಟ್ಟೆಯ ಪಕ್ಕ ಬೆಳೆದವರೋ.

ಈ ಸಲದ ಲೋಡು ರಾತ್ರಿ ಕಳಿಸಿದ್ದಾಳೆ ರುದ್ರಾಣಮ್ಮ.
ಬೆಳಗಿನ ಐದೂವರೆಗೆ ಗೇಟಿನಲ್ಲಿ ಲಾರಿ,
ನಾರಿನ ತುದಿತುದಿಗೂ ಮಂಜು.
ಎರಡು ಸಾವಿರದ ಮೂವತ್ತೊಂದು.
ಹೆಚ್ಚಾದದ್ದಕ್ಕೂ ಅಷ್ಟೇ ತಾಳ್ಮೆಯಂತೆ ಇದಕ್ಕೆ,
ತಕರಾರಿಲ್ಲದೆ ನುಂಗಿತು.
ಮೂವತ್ತೊಂದು ಕಿಲೋ ನೀರು ಪುಕ್ಕಟೆ.

ಮಧ್ಯಾಹ್ನ ಗೋಡೌನಿನ ತಗಡಿನ ಕೆಳಗೆ
ರಾಶಿ ಸಣ್ಣಗೆ ಚಟಪಟ ಎನ್ನುತ್ತ ಹಗುರಾಗುತ್ತಿದೆ.
ಪರದೆಯಲ್ಲಿ ಇನ್ನೂ ಎರಡು ಸಾವಿರದ ಮೂವತ್ತೊಂದು,
ಮುಂದೆ ಮೂರು ಸೊನ್ನೆ.
ಅದರ ಮೇಲೆ ಕೂತು ಬುತ್ತಿ ಬಿಚ್ಚಿದ ಇಲಿಯಾಸ್ ಭಾಯಿ
ಕೇಳುತ್ತಾರೆ, ಎಷ್ಟಿದೆಯಮ್ಮಾ ಸ್ಟಾಕು?
ಬಾಯಿಗೆ ಬಂದದ್ದು
ಆ ಹಳೇ ಒಂದಕ್ಷರ.